ಎಮ್ಮೆ ಕೊಟ್ಟು ತಂದ ತೊಟ್ಟಿಲು

ಮೋಟಾರ್ ಸೈಕಲ್ಲಿನ ಪಕ್ಕಕ್ಕೆ ತೊಟ್ಟಿಲಿನ ಹಾಗೆ ಒಂದು ಡಬ್ಬ, ಅದಕ್ಕೊಂದು ಗಾಲಿ ಕಟ್ಟಿರುತ್ತಾರಲ್ಲ, ಅದಕ್ಕೆ ಸೈಡ್‌ಕಾರ್ ಎನ್ನುತ್ತಾರೆ. ಅದು ಕೊಟ್ಟ ಬೆಲೆಗೆ ಬಾಳುತ್ತದೆಯೋ ಇಲ್ಲವೋ ಎಂದು ಯಾರಿಗಾದರೂ ಅನುಮಾನವಿದ್ದರೆ ಅಜ್ಜಂಪುರಕ್ಕೆ ಬಂದು ನನ್ನನ್ನು ಕೇಳಬಹುದು. ಈ ವಿಷಯದಲ್ಲಿ ನಮ್ಮ ತಾಲ್ಲೂಕಿಗೆಲ್ಲ ತಿಳಿದವಳು ನಾನೊಬ್ಬಳೇ. ಏಕೆಂದರೆ ಕೊಂಡವಳೂ ನಾನೊಬ್ಬಳೇ.

ದುಡುಕಿ ಕೊಂಡದ್ದಲ್ಲ. ಯೋಚನೆ ಮಾಡದೆ ಕೆಲಸ ಮಾಡಿದವರು ಕೆಡುತ್ತಾರೆ ಎಂದು ಹೇಳುವವರಿದ್ದಾರೆ. ನಾನು ಮೂರು ತಿಂಗಳು ಯೋಚನೆ ಮಾಡಿಯೇ ಕೆಟ್ಟೆ.

ಇದಕ್ಕೆಲ್ಲ ಕಾರಣ ಎರಡು. ಒಂದು ನನ್ನ ಬಲಮಂಡಿ, ಇನ್ನೊಂದು ನನ್ನ ತಂಗಿ ಸುಶೀಲ. ಮಂಡಿ ಹಿಡಿದುಕೊಂಡಮೇಲೆ ನಮ್ಮ ಯಜಮಾನರ ಬೈಕಿನ ಹಿಂದೆ ಹತ್ತಿ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ನನ್ನನ್ನು ಹತ್ತಿಸಬೇಕಾದರೆ ಬೈಕನ್ನು ಜಗಲಿಗೆ ಒತ್ತಿ ನಿಲ್ಲಿಸಬೇಕು. ಹತ್ತುವುದಕ್ಕೆ ಜಗಲಿ ಇತ್ತು, ಸರಿ. ಇಳಿಯುವ ಕಡೆಯೂ ಜಗಲಿ ಇರಬೇಕಲ್ಲ.

ಸುಶೀಲ ಇರುವುದು ನಮ್ಮ ಹಿಂದಿನ ಬೀದಿಯಲ್ಲೇ. ಅವಳ ಗಂಡ ಮೇಷ್ಟ್ರು, ರಿಟೈರಾದ ಮೇಲೆ ಒಂದು ಕಾರು ತೆಗೆದುಕೊಂಡರು. ನಮ್ಮ ತವರು ಕಡೂರು. ಹೋದ ವರ್ಷ ತಮ್ಮ ಶಿವಣ್ಣ ಹೊಸ ಮನೆ ಕಟ್ಟಿ ಗೃಹಪ್ರವೇಶ ಇಟ್ಟುಕೊಂಡಾಗ ನಾನು ಸುಶೀಲನ ಕಾರಿನಲ್ಲಿ ಹೋಗಬೇಕಾಗಿ ಬಂತು. ಹಿಂದಿನ ಬಾಗಿಲು ತೆಗೆದಳು. ಸೀಟಿನ ಮೇಲೆ ಒಂದು ಹಳೇ ಟವೆಲ್ ಹಾಸಿದಳು.

"ಇದ್ಯಾಕೆ?" ಎಂದೆ.

"ನಿನ್ ತಲೇಲಿ ಹರಳೆಣ್ಣೆ ಐತಲ್ಲಕ್ಕ. ಸೀಟು ಹೊಸದು."

ತಲೆ ಇರುವುದು ಮೇಲೆ, ಟವೆಲ್ ಹಾಸಿದ್ದು ಕೆಳಗೆ. ಆದರೂ ಕೂತೆ. ಕಡೂರಿನಲ್ಲಿ ನಾನು ಮಂಡಿ ಬಿಡಿಸಿಕೊಂಡು ಇಳಿಯುವ ಹೊತ್ತಿಗೆ ಅವಳು ಇಳಿದು, ಬಾಗಿಲಲ್ಲಿ ನಿಂತವರಿಗೆಲ್ಲ ಹೇಳಿ ಆಗಿತ್ತು. "ಅಕ್ಕನ್ನ ನಾನೇ ಕರ್ಕೊಂಡ್ ಬಂದೆ ಕಣ್ರೀ. ನಾವಿಲ್ದಿದ್ರೆ ಪಾಪ ಇವ್ಳು ಎಲ್ ಬತ್ತಿದ್ಲು." ಪುರೋಹಿತರಿಗೆ ಹೇಳಿದಳು. ಶಾಮಿಯಾನದವನಿಗೆ ಹೇಳಿದಳು. ಊಟಕ್ಕೆ ಕೂತಾಗ ಪಾಯಸ ಬಡಿಸುವವನು ನನ್ನ ಎಲೆಯ ಮುಂದೆ ನಿಂತು, "ಕಾರಲ್ಲಿ ಕರ್ಕೊಂಡ್ ಬಂದಿರೋ ಅಜ್ಜಿ ನೀವೇನಾ?" ಎಂದ. ಆ ಪಾಯಸ ನನಗೆ ಇಳಿಯಲಿಲ್ಲ.

ಅಲ್ಲೇ ತೀರ್ಮಾನ ಮಾಡಿದೆ. ಶಿವಣ್ಣನ ಮಗಳು ಚೈತ್ರನ ಮದುವೆ ಮುಂದೆಯೇ ಇತ್ತು. ನಮ್ಮಲ್ಲಿ ಹೆಣ್ಣಿಗೆ ಮೊದಲ ಅರಿಶಿನ ಹಚ್ಚುವುದು ಹಿರಿಯ ಸೋದರತ್ತೆ. ಅಂದರೆ ನಾನು. ನಾನು ಆ ಹೊತ್ತಿಗೆ ಅಲ್ಲಿಲ್ಲದಿದ್ದರೆ ಕಿರಿಯವಳು. ಅಂದರೆ ಸುಶೀಲ. ಆದ್ದರಿಂದ ಆ ದಿನ ನಾನು ಹೊತ್ತಿಗೆ ಸರಿಯಾಗಿ ಹೋಗಬೇಕು. ನನ್ನದೇ ಗಾಡಿಯಲ್ಲಿ ಹೋಗಬೇಕು. ಹೋದವಳು ಎಂಟು ದಿನ ತವರಲ್ಲಿ ಉಳಿಯಬೇಕು. ಮದುವೆಯಾಗಿ ಬಂದಮೇಲೆ ತವರಲ್ಲಿ ಎಂಟು ದಿನ ಉಳಿದದ್ದು ಎರಡೇ ಸಲ. ಎರಡು ಸಲವೂ ಬಾಣಂತನಕ್ಕೆ.

ಉಳಿಯುವುದಕ್ಕೆ ಇದ್ದ ಅಡ್ಡಿ ನಮ್ಮ ಎಮ್ಮೆ. ಕರೀ ಎಮ್ಮೆ, ಹೆಸರು ಬೆಳ್ಳಿ. ನನ್ನ ಕೈ ಬಿಟ್ಟು ಬೇರೆ ಕೈಗೆ ಹಾಲು ಬಿಡುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಅದು ಗೂಟದ ಆ ಕಡೆ, ನಾನು ಗೂಟದ ಈ ಕಡೆ. ಯಾರನ್ನು ಯಾರು ಕಟ್ಟಿಹಾಕಿದ್ದಾರೆ ಎಂದು ಹೇಳುವುದು ಕಷ್ಟವಿತ್ತು.

ಹೀಗೆ ಮೂರು ತಿಂಗಳು ಯೋಚನೆ ಮಾಡುತ್ತಿರುವಾಗ ಮಂಡಿ ಡಾಕ್ಟರಿಗೆ ತೋರಿಸಲು ತರೀಕೆರೆಗೆ ಹೋದೆ. ನಾನು ಬಸ್ಸಿನಲ್ಲಿ, ಯಜಮಾನರು ಬೈಕಿನಲ್ಲಿ. ಅವರು ಬೈಕ್ ರಿಪೇರಿ ಎಂದು ರಫೀಕ್ ಸಾಬರ ಗ್ಯಾರೇಜಿಗೆ ಹೋಗಿ ಕೂತರೆ ಏಳುವವರಲ್ಲ. ಎಬ್ಬಿಸಿಕೊಂಡು ಬರೋಣವೆಂದು ಹೋದೆ. ಬೇವಿನ ಮರದಡಿ ಒಂದು ತಗಡಿನ ತೊಟ್ಟಿಲು ಬಿದ್ದಿತ್ತು. ಅದರೊಳಗೆ ಒಂದು ಕೋಳಿ.

"ಇದೇನು ಸಾಬ್ರೆ, ಕೋಳಿಗೆ ಇಷ್ಟು ದೊಡ್ಡ ಮನೆ?"

"ಕೋಳಿಗಲ್ಲಮ್ಮಾ, ಅದು ಸೈಡ್‌ಕಾರು," ಎಂದರು ಸಾಬರು. "ಕೆಮ್ಮಣ್ಣುಗುಂಡಿ ಕಡೆ ತೋಟದೋರದ್ದು. ಬೈಕ್ ಪಕ್ಕ ಕಟ್ಟಿದ್ರೆ ಹತ್ತೋದಿಲ್ಲ, ಇಳಿಯೋದಿಲ್ಲ. ಕಾಲು ಚಾಚ್ಕೊಂಡು ರಾಣಿ ಥರ ಹೋಗ್ಬೋದು."

ಕೋಳಿಯನ್ನು ಎತ್ತಿ ಆಚೆ ಬಿಟ್ಟು ನಾನು ಕೂತು ನೋಡಿದೆ. ಕಾಲು ಚಾಚಿದೆ. ಮಂಡಿ ಒಂದು ಮಾತೂ ಆಡಲಿಲ್ಲ. ಎರಡು ವರ್ಷದಲ್ಲಿ ಅದು ಅಷ್ಟು ಸುಮ್ಮನಿದ್ದದ್ದೇ ಇಲ್ಲ.

ಯಜಮಾನರು ಟೀ ಲೋಟ ಹಿಡಿದುಕೊಂಡು ಬಂದರು. "ಲೇ, ಎದ್ದೇಳೇ. ಒಳಗೆ ಮೊಟ್ಟೆ ಇದ್ರೆ ಒಡೆದೋಗ್ತವೆ."

ಮೊಟ್ಟೆ ಇತ್ತು. ಸೈಡ್‌ಕಾರಿಗೆ ನಾನು ತೆತ್ತ ಮೊದಲ ಬೆಲೆ ಅದು.

"ಎಷ್ಟು ಸಾಬ್ರೆ?" ಎಂದು ಕೇಳಿದೆ. ಸಾಬರು ವೆಲ್ಡಿಂಗು, ಫಿಟ್ಟಿಂಗು, ಪೇಂಟು, ಸೀಟು ಎಂದು ಬೆರಳು ಮಡಚುತ್ತ ಹೋಗಿ ಒಂದು ಮೊತ್ತ ಹೇಳಿದರು. ಯಜಮಾನರಿಗೆ ಟೀ ನೆತ್ತಿಗೆ ಹತ್ತಿತು. ನನಗೆ ಮಾತ್ರ ಥಟ್ಟನೆ ಹೊಳೆಯಿತು. ಅದು ಸರಿಯಾಗಿ ಒಂದು ಎಮ್ಮೆ.

"ಹಾಲು ಕೊಡೋ ಎಮ್ಮೆ ಮಾರಿ ತಗಡಿನ ಡಬ್ಬ ತಗೊಳ್ಳೋರು ಎಲ್ಲಾದ್ರೂ ಅವ್ರೇನೇ?" ಎಂದರು ಯಜಮಾನರು.

"ತಗಡು ಹಿಂಡಿ ಕೇಳಲ್ಲ. ಸಗಣಿ ಹಾಕಲ್ಲ. ಬೆಳಿಗ್ಗೆ ನಾಲ್ಕಕ್ಕೆ ಕೂಗಿ ಎಬ್ಬಿಸಲ್ಲ."

"ಬೈಕ್ ನಂದು."

"ಎಮ್ಮೆ ನಂದು."

ಮಾತು ಅಲ್ಲಿಗೆ ಮುಗಿಯಿತು. ಸಾಬರು ಒಳ್ಳೆಯ ಮನುಷ್ಯ. ಮುಚ್ಚಿಡದೆ ಒಂದು ಮಾತು ಹೇಳಿದರು. "ನೋಡಿ ಅಮ್ಮಾ, ಇದು ಖಾಲಿ ಓಡಿಸೋ ಗಾಡಿ ಅಲ್ಲ. ಕಟ್ಟೋದು ಎಡಗಡೆ. ಖಾಲಿ ಇದ್ದು ಎಡಕ್ಕೆ ತಿರುಗಿಸಿದ್ರೆ ತೊಟ್ಟಿಲು ಮೇಲಕ್ಕೆ ಎದ್ಬಿಡ್ತದೆ. ಒಳಗೆ ಯಾವಾಗ್ಲೂ ಭಾರ ಇರ್ಬೇಕು."

"ಭಾರಕ್ಕೇನು, ನಾನಿಲ್ವಾ?" ಎಂದೆ.

ಈ ಮಾತನ್ನು ಆಡಿದ್ದು ನಾನೇ. ಸಾಕ್ಷಿಗೆ ಸಾಬರಿದ್ದರು, ಯಜಮಾನರಿದ್ದರು, ಕೋಳಿಯೂ ಇತ್ತು.

ಬೆಳ್ಳಿಯನ್ನು ಹೊಡೆದುಕೊಂಡು ಹೋಗುವ ದಿನ ಅದು ತಿರುಗಿಯೂ ನೋಡಲಿಲ್ಲ. ನಾನೂ ನೋಡಲಿಲ್ಲ. ಸೈಡ್‌ಕಾರನ್ನು ಗಾಡಿಯ ಕಾಗದಕ್ಕೆ ಏರಿಸುವ ಖರ್ಚಿಗೆ ಕರುವೂ ಹೋಯಿತು.

ತರೀಕೆರೆಯಿಂದ ಅಜ್ಜಂಪುರಕ್ಕೆ ನಮ್ಮ ಮೊದಲ ಸವಾರಿ ಹೊರಟಿತು. ಸಾಬರು ತೊಟ್ಟಿಲಿಗೆ ಕೆಂಪು ಬಣ್ಣ ಬಳಿದಿದ್ದರು. ನಾನು ಸೆರಗು ಹೊದ್ದು, ಎರಡು ಕೈಯನ್ನೂ ಅಂಚಿನ ಮೇಲಿಟ್ಟು, ರಸ್ತೆಯ ಜನರನ್ನೆಲ್ಲ ನೋಡುತ್ತ ಕೂತಿದ್ದೆ. ಅಮೃತಾಪುರದ ಬಸ್ಸು ನಮ್ಮನ್ನು ದಾಟುವಾಗ ಕಂಡಕ್ಟರು ತಲೆ ಆಚೆ ಹಾಕಿ, "ಅಜ್ಜೀ, ತೊಟ್ಲಲ್ಲಿ ನಿದ್ದೆ ಬತ್ತದಾ?" ಎಂದ. ಹೊಟ್ಟೆಕಿಚ್ಚು ಎಂದುಕೊಂಡೆ.

ನಮ್ಮ ಯಜಮಾನರು ನಲವತ್ತು ವರ್ಷ ಬೈಕ್ ಓಡಿಸಿದವರು. ತಿರುವು ಬಂದರೆ ಮೈ ವಾಲಿಸುತ್ತಾರೆ, ಬೈಕೂ ವಾಲುತ್ತದೆ, ತಿರುಗುತ್ತದೆ. ಮೂರು ಗಾಲಿಯ ಗಾಡಿ ವಾಲುವುದಿಲ್ಲ. ಮೊದಲ ತಿರುವಿನಲ್ಲಿ ಯಜಮಾನರು ವಾಲಿದರು. ಬೈಕು ವಾಲಲಿಲ್ಲ. ರಸ್ತೆ ತಿರುಗಿತು. ನಾವು ತಿರುಗಲಿಲ್ಲ. ನೇರ ಹೋಗಿ, ತುಳಿಸಲೆಂದು ರಸ್ತೆ ಬದಿಗೆ ಹರಡಿದ್ದ ರಾಗಿಯ ತೆನೆಯೊಳಗೆ ನುಗ್ಗಿದೆವು.

ಬೈಸಿಕೊಳ್ಳಲು ತಯಾರಾಗಿ ಕೂತೆ. ಆದರೆ ಪೊರಕೆ ಹಿಡಿದು ನಿಂತಿದ್ದ ಹೆಂಗಸು ನಮ್ಮ ಗಾಡಿಯ ಹಿಂದಿನ ಜಾಡನ್ನು ಬಗ್ಗಿ ನೋಡಿ, "ಹಂಗೇ ಇನ್ನೊಂದು ಸುತ್ತು ಬರ್ರಿ ಗೌಡ್ರೆ, ಚೆನ್ನಾಗಿ ಉದುರ್ತೈತೆ," ಎಂದಳು. ಯಜಮಾನರು ಆಚೆ ಬರುವುದು ಹೇಗೆಂದು ತಿಳಿಯದೆ ಮೂರು ಸುತ್ತು ಬಂದರು. ಸೈಡ್‌ಕಾರಿನಿಂದ ಉಪಯೋಗವಿದೆ ಎಂದು ಒಪ್ಪಿದ ಮೊದಲ ಮನುಷ್ಯಳು ಆಕೆ. ಎರಡನೆಯವರು ಇನ್ನೂ ಸಿಕ್ಕಿಲ್ಲ. ಮನೆಗೆ ಬಂದು ತಲೆ ಕೊಡವಿದರೆ ಒಂದು ಹೊತ್ತಿನ ಅಂಬಲಿಗೆ ಆಗುವಷ್ಟು ರಾಗಿ ಬಿತ್ತು.

ಮಾರನೆಯ ದಿನ ನಿಜವಾದ ಕಥೆ ಶುರುವಾಯಿತು. ಯಜಮಾನರು ಕಟಿಂಗ್ ಅಂಗಡಿಗೆ ಹೊರಟವರು ಐದು ನಿಮಿಷಕ್ಕೆ ವಾಪಸು ಬಂದರು. ಮುಖ ಬಿಳಿಚಿಕೊಂಡಿತ್ತು.

"ಲೇ, ಬಾರೇ ಇಲ್ಲಿ. ಹತ್ತು."

"ನಾನ್ಯಾಕೆ? ನನಗೇನು ಕ್ಷೌರ ಮಾಡಿಸ್ತೀರಾ?"

"ಬ್ಯಾಂಕ್ ಹತ್ರ ಎಡಕ್ಕೆ ತಿರುಗಿಸ್ದೆ. ತೊಟ್ಲು ನನ್ ಭುಜದ ಮಟ್ಟಕ್ಕೆ ಬಂತು ಕಣೇ. ಪಕ್ಕಕ್ಕೆ ತಿರುಗಿ ನೋಡಿದ್ರೆ ಗಾಲಿ ನನ್ ಮುಖದ ಹತ್ರ ತಿರುಗ್ತಾ ಐತೆ."

ಹೋದೆ. ಕಟಿಂಗ್ ಅಂಗಡಿಯ ಮುಂದೆ ಅರ್ಧ ಗಂಟೆ ತೊಟ್ಟಿಲಲ್ಲಿ ಕೂತೆ. ಬಂದವರೆಲ್ಲ ನನ್ನನ್ನು ಮಾತಾಡಿಸಿಯೇ ಒಳಗೆ ಹೋದರು. ಸಂಜೆ ಟೀ ಅಂಗಡಿಗೆ ಹೋಗಬೇಕೆಂದರು. ಹೋದೆ. ಗಂಡಸರೆಲ್ಲ ಬೆಂಚಿನ ಮೇಲೆ ರಾಜಕೀಯ ಮಾತಾಡುತ್ತಿದ್ದರು, ನಾನು ಆಚೆ ಬಿಸಿಲಿಗೆ ಮುಖ ಮಾಡಿ ಕೂತಿದ್ದೆ. ತೋಟಕ್ಕೆ, ಗೊಬ್ಬರದ ಅಂಗಡಿಗೆ, ಸೊಸೈಟಿಗೆ, ಪಂಪಿನ ಮೋಟಾರು ಸುಟ್ಟುಹೋದರೆ ವೈಂಡಿಂಗಿಗೆ. ಎಲ್ಲದಕ್ಕೂ ನಾನು ಬೇಕು. ನನ್ನನ್ನು ಕರೆದುಕೊಂಡು ಹೋಗಲೆಂದು ತಂದ ಗಾಡಿ ನನ್ನನ್ನು ಎಳೆದುಕೊಂಡು ಹೋಗತೊಡಗಿತು. ಕೆಲಸಕ್ಕೆ ನನ್ನ ಬುದ್ಧಿ ಬೇಡ, ಮಾತು ಬೇಡ. ತೂಕ ಸಾಕು.

"ಬರೀ ಬಲಕ್ಕೇ ತಿರುಗ್ಕೊಂಡು ಹೋಗ್ರಿ," ಎಂದೆ ಒಂದು ದಿನ, ಬೇಸತ್ತು.

ಅವರು ಅದನ್ನೂ ಮಾಡಿದರು. ಎಡಕ್ಕೆ ಮೂರನೆಯ ಮನೆಯಲ್ಲಿರುವ ಹಿಟ್ಟಿನ ಗಿರಣಿಗೆ ಹೋಗಲು ಊರೆಲ್ಲ ಸುತ್ತಿ, ರೈಲ್ವೆ ಸ್ಟೇಷನ್ನಿನ ಮುಂದೆ ಹಾದು, ಮುಕ್ಕಾಲು ಗಂಟೆಗೆ ಗಿರಣಿ ತಲುಪಿದರು. ಅಷ್ಟರಲ್ಲಿ ಕರೆಂಟು ಹೋಗಿತ್ತು.

ಕೊನೆಗೆ ಉಪಾಯ ಹೊಳೆದದ್ದು ನನಗೇ. ಇದರಲ್ಲಿ ಹೊಳೆದದ್ದೆಲ್ಲ ನನಗೇ. ಹಿತ್ತಲಲ್ಲಿ ನಮ್ಮ ಅತ್ತೆಯ ಕಾಲದ ಒರಳುಕಲ್ಲು ಬಿದ್ದಿತ್ತು. ಮಿಕ್ಸಿ ಬಂದಮೇಲೆ ಅದನ್ನು ಕೇಳುವವರಿರಲಿಲ್ಲ. ಇಬ್ಬರು ಗಂಡಸರನ್ನು ಕರೆದು ಎತ್ತಿಸಿ ತೊಟ್ಟಿಲಲ್ಲಿ ಇಡಿಸಿದೆ. ಯಜಮಾನರು ಒಂದು ಸುತ್ತು ಹೋಗಿ ಬಂದು, "ಭಾಳ ಚೆನ್ನಾಗೈತೆ," ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನಿನಗಿಂತ ಚೆನ್ನಾಗೈತೆ. ಅಲ್ಲಾಡಲ್ಲ," ಎಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ದಾರಿ ಹೇಳಲ್ಲ," ಎಂದರು.

ಇರಲಿ ಎಂದುಕೊಂಡೆ. ಮದುವೆ ಹತ್ತಿರ ಬಂತು. ರೇಷ್ಮೆ ಸೀರೆಗೆ ಧೂಳು ಬೀಳುತ್ತದೆಂದು ಸಾಬರ ಹತ್ತಿರ ಹೋಗಿ ತೊಟ್ಟಿಲಿಗೆ ಟಾರ್ಪಾಲಿನ ಟಾಪು ಹಾಕಿಸಿದೆ. ಮುಂದುಗಡೆ ಪ್ಲಾಸ್ಟಿಕ್ಕಿನ ಕಿಟಕಿ, ಎರಡು ಪಕ್ಕ ಮುಚ್ಚು. ಒಳಗೆ ಕೂತರೆ ಯಾರಿಗೂ ಕಾಣಿಸುವುದಿಲ್ಲ. "ಓಡಿಸೋರಿಗೂ ಕಾಣಲ್ಲಮ್ಮಾ," ಎಂದರು ಸಾಬರು. "ಅವರು ನನ್ ಮುಖ ನೋಡಿ ಆಗಬೇಕಾದ್ದೇನೈತೆ," ಎಂದೆ.

ಮದುವೆಯ ದಿನ ಬೆಳಿಗ್ಗೆ ಅರಿಶಿನ, ಮಧ್ಯಾಹ್ನ ಧಾರೆ. ಈಗ ಎಲ್ಲ ಒಂದೇ ದಿನಕ್ಕೆ ಮುಗಿಸುತ್ತಾರೆ. ಅರಿಶಿನ ಒಂಬತ್ತು ಗಂಟೆಯೊಳಗೆ ಹಚ್ಚಬೇಕು, ಆಮೇಲೆ ರಾಹುಕಾಲ. ಏಳು ಗಂಟೆಗೆಲ್ಲ ನಾನು ತಯಾರಾಗಿ ನಿಂತೆ. ಯಜಮಾನರು ಒರಳು ಇಳಿಸಲು ಆಳು ಕರೆಯಲು ಹೊರಟರು. ನಾನು ತಡೆದೆ.

"ಇಳಿಸ್ಬೇಡ್ರಿ. ನಾನು ಎಂಟು ದಿನ ಕಡೂರಲ್ಲೇ ಇರ್ತೀನಿ. ವಾಪಸ್ ಬರುವಾಗ ನೀವೊಬ್ರೇ. ಭಾರಕ್ಕೆ ಏನ್ಮಾಡ್ತೀರಾ? ಹೋಗುವಾಗ ನಾನು, ಬರುವಾಗ ಕಲ್ಲು."

ಯಜಮಾನರು ನನ್ನ ಬುದ್ಧಿಗೆ ತಲೆದೂಗಿದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅದೇ ಮೊದಲು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಒರಳು ಕಾಲ ಬುಡದಲ್ಲಿ, ನಾನು ಸೀಟಿನಲ್ಲಿ, ತೊಡೆಯ ಮೇಲೆ ಚೀಲ. ಸುಶೀಲ ಬೀದಿಯ ತುದಿಯಲ್ಲಿ ನಿಂತಿದ್ದಳು.

"ಅಕ್ಕಾ, ಕಾರಲ್ಲಿ ಜಾಗ ಐತೆ ಬಾರೇ. ಟವೆಲ್ ಒಗೆದಿಟ್ಟಿದೀನಿ."

"ನಿನ್ ಟವೆಲ್ ನೀನೇ ಹಾಸ್ಕೋ. ನೀವು ಬರೋ ಹೊತ್ತಿಗೆ ನಾನು ಅರಿಶಿನ ಹಚ್ಚಿ ಕೈ ತೊಳ್ಕೊಂಡಿರ್ತೀನಿ."

"ಆಗ್ಲಿ. ಹೊತ್ತಿಗೆ ಬರ್ಲಿಲ್ಲಾಂದ್ರೆ ನಾನಿದೀನಲ್ಲ, ಹಚ್ತೀನಿ ಬಿಡು."

ಊರು ದಾಟಿ ಎರಡು ಮೈಲಿ ಹೋಗಿರಲಿಲ್ಲ, ಯಜಮಾನರು ಗೊಣಗತೊಡಗಿದರು. "ಗಾಡಿ ಎಡಕ್ಕೆ ಎಳೀತೈತೆ. ನೀನು ದಪ್ಪ ಆಗಿದೀಯ."

"ಕಲ್ಲೂ ಐತಲ್ರೀ ಜೊತೆಗೆ."

"ಕಲ್ಲು ಮೊದ್ಲು ಎಷ್ಟಿತ್ತೋ ಅಷ್ಟೇ ಐತೆ."

ನನಗೆ ರೇಗಿತು. "ಇನ್ನು ಕಡೂರು ಬರೋವರೆಗೂ ನಾನು ಬಾಯಿ ಬಿಟ್ರೆ ಕೇಳ್ರಿ."

"ನಿಜವಾಗ್ಲೂ?" ಎಂದರು. ಆ ದನಿಯಲ್ಲಿದ್ದ ಆಸೆಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಬೀರೂರಿಗೆ ಮುಂಚೆ ರೈಲ್ವೆ ಗೇಟು ಹಾಕಿತ್ತು. ಯಜಮಾನರು ಗಾಡಿ ಆಫ್ ಮಾಡಿ, ಮುಂದೆ ನಿಂತಿದ್ದ ಲಾರಿಯವನ ಹತ್ತಿರ ಮಾತಾಡಲು ಹೋದರು. ನಾನು ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಿದ್ದೆ. ಆ ಮಾತ್ರೆ ನುಂಗಿದವರಿಗೆ ಗೊತ್ತು, ಅದು ಅರ್ಧ ದಾರಿಯಲ್ಲಿ ತನ್ನ ಕೆಲಸ ತೋರಿಸುತ್ತದೆ. ಮಾತಾಡುವುದಿಲ್ಲ ಎಂದು ಹೇಳಿ ಆಗಿತ್ತು, ಹಾಗಾಗಿ ಯಜಮಾನರಿಗೆ ಹೇಳುವ ಪ್ರಶ್ನೆ ಬರಲಿಲ್ಲ. ಚೀಲವನ್ನು ಸೀಟಿನ ಮೇಲಿಟ್ಟೆ. ಫೋನು ಚೀಲದಲ್ಲಿತ್ತು. ಹೊದ್ದಿದ್ದ ಶಾಲನ್ನು ತೆಗೆದು ಒರಳಿನ ಮೇಲೆ ಹಾಕಿದೆ. ಚಪ್ಪಲಿ ಒರಳಿನ ಹಿಂದೆ ಎಲ್ಲೋ ಸಿಕ್ಕಿಕೊಂಡಿತ್ತು. ಇನ್ನೆರಡು ನಿಮಿಷಕ್ಕೆ ಚಪ್ಪಲಿ ಯಾಕೆಂದು ಬರಿಗಾಲಲ್ಲೇ ಇಳಿದು, ಟಾಪು ಮೊದಲಿನ ಹಾಗೆ ಮುಚ್ಚಿ, ಲಂಟಾನ ಪೊದೆಯ ಹಿಂದಕ್ಕೆ ಹೋದೆ.

ಮಂಡಿ ಹಿಡಿದವರಿಗೆ ಕೂರುವುದು ಒಂದು ಕೆಲಸ, ಏಳುವುದು ಇನ್ನೊಂದು ಕೆಲಸ. ಅಷ್ಟರಲ್ಲಿ ರೈಲು ಬಂತು, ಹೋಯಿತು. ಗೇಟು ಎದ್ದಿತು. ಹಿಂದಿದ್ದವರೆಲ್ಲ ಹಾರ್ನ್ ಹೊಡೆಯತೊಡಗಿದರು. ಆ ಗಲಾಟೆಯಲ್ಲಿ ಒಂದು ಬೈಕು ಸ್ಟಾರ್ಟಾದ ಸದ್ದು ಕೇಳಿತು. ನಲವತ್ತು ವರ್ಷ ಕೇಳಿದ ಸದ್ದು. ಪೊದೆ ಹಿಡಿದುಕೊಂಡು ಎದ್ದು ಬಂದು ನೋಡಿದೆ.

ನನ್ನ ಕೆಂಪು ತೊಟ್ಟಿಲು ಗೇಟು ದಾಟಿ ತಿರುವಿನಲ್ಲಿ ಹೋಗುತ್ತಿತ್ತು. ಎಡ ತಿರುವು. ಗಾಲಿ ಒಂದು ಬೆರಳಿನಷ್ಟೂ ಮೇಲೆ ಏಳಲಿಲ್ಲ. ನಮ್ಮ ಯಜಮಾನರು ಅಷ್ಟು ಚೆನ್ನಾಗಿ ಎಂದೂ ಓಡಿಸಿರಲಿಲ್ಲ.

ಗೇಟಿನವನು ಹತ್ತಿರ ಬಂದ. "ಅಜ್ಜೀ, ಹೋದೋರು ನಿಮ್ಮೋರಾ?"

"ಹೂಂ."

"ಕೂಗ್ಬಾರ್ದಿತ್ತಾ?"

"ಮಾತಾಡಲ್ಲ ಅಂತ ಹೇಳಿದ್ದೆ," ಎಂದೆ.

ಅವನು ನನ್ನನ್ನು ಒಂದು ಸಲ ನೋಡಿ, ತನ್ನ ಗೂಡಿಗೆ ಹೋದ.

ಯಜಮಾನರು ಈಗ ತಿರುಗಿ ಬರುತ್ತಾರೆ, ಆಗ ಬರುತ್ತಾರೆ ಎಂದು ನಿಂತೆ. ಬರಲಿಲ್ಲ. ಬಂದದ್ದು ಮೇಷ್ಟ್ರ ಕಾರು. ಮತ್ತೆ ಪೊದೆಯ ಹಿಂದೆ ಹೋಗೋಣ ಎಂದುಕೊಂಡೆ. ಮಂಡಿ ಒಪ್ಪಲಿಲ್ಲ. ಕಾರು ನನ್ನ ಮುಂದೆ ನಿಂತಿತು. ಸುಶೀಲ ಇಳಿದಳು. ನನ್ನ ಬರಿಗಾಲು ನೋಡಿದಳು, ಸೀರೆಗೆ ಅಂಟಿದ ಮುಳ್ಳುಕಾಯಿ ನೋಡಿದಳು, ಖಾಲಿ ರಸ್ತೆ ನೋಡಿದಳು. ಹಿಂದಿನ ಬಾಗಿಲು ತೆಗೆದಳು. ಟವೆಲ್ ಹಾಸಿದಳು.

ನಾನು ಕೂತೆ.

ಮೇಷ್ಟ್ರು ಕಾರು ಓಡಿಸುವುದು ಪಾಠ ಮಾಡಿದ ಹಾಗೆ. ಹಿಂದಿನ ಬೆಂಚಿನವರಿಗೂ ಅರ್ಥವಾಗುವಷ್ಟು ನಿಧಾನ. ಕಾರಿನ ಗಡಿಯಾರದಲ್ಲಿ ಎಂಟೂವರೆ ದಾಟಿತ್ತು. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ ಹೋದ.

"ಮೇಷ್ಟ್ರೇ, ಸ್ವಲ್ಪ ಜೋರಾಗಿ ಬಿಡಿ. ಅರಿಶಿನ ಒಂಬತ್ತಕ್ಕೆ."

"ವೇಗ ಅಪಾಯ ಅತ್ತಿಗೆ," ಎಂದರು ಮೇಷ್ಟ್ರು. ಅದು ನಿಜ. ಆದರೆ ನನಗೆ ಇದ್ದ ಅಪಾಯ ಬೇರೆ.

ಕಡೂರಿನ ಮನೆ ಮುಂದೆ ಇಳಿದಾಗ ಒಂಬತ್ತಕ್ಕೆ ಏಳು ನಿಮಿಷ. ಚಪ್ಪರದಲ್ಲಿ ಜನ ಗುಂಪಾಗಿ ನಿಂತಿದ್ದರು. ಓಲಗ ಊದುತ್ತಿತ್ತು. ನನಗಾಗಿ ಕಾಯುತ್ತಿದ್ದಾರೆ ಎಂದು ಗುಂಪು ಸರಿಸಿ ಮುಂದೆ ಹೋದೆ. ಮಧ್ಯದಲ್ಲಿ, ಮಣೆಯ ಮೇಲೆ, ನಮ್ಮ ಅತ್ತೆಯ ಕಾಲದ ಒರಳುಕಲ್ಲು ಕೂತಿತ್ತು. ಮೈತುಂಬ ಅರಿಶಿನ ಕುಂಕುಮ. ಕುತ್ತಿಗೆ ಇರಬೇಕಾದ ಜಾಗದಲ್ಲಿ ಸೇವಂತಿಗೆ ಮಾಲೆ. ಪಕ್ಕದಲ್ಲಿ ಇನ್ನೂ ಹೊಗೆಯಾಡುತ್ತಿದ್ದ ಆರತಿ ತಟ್ಟೆ.

ಶಿವಣ್ಣ ಓಡಿ ಬಂದ. "ಬಾರಕ್ಕ. ಭಾವ ಬಂದ ತಕ್ಷಣ ನಿನಗೆ ಆರತಿ ಎತ್ತೋಣ ಅಂತ ತಟ್ಟೆ ಹಿಡ್ಕೊಂಡು ಹೋಗಿ ಟಾಪು ಸರಿಸಿದ್ವಿ. ನೋಡಿದ್ರೆ ಒರಳು ಕೂತಿತ್ತು, ನಿನ್ ಶಾಲು ಹೊದ್ಕೊಂಡು."

ಆ ಮನೆಯಲ್ಲಿ ಬೆಳಗಿನಿಂದ ಒಂದು ಜಗಳ ನಡೆದಿತ್ತಂತೆ. ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಹೊಸ ಮನೆಯಲ್ಲಿ ಒರಳೇ ಇರಲಿಲ್ಲ. ಅಂಗಡಿಯ ಪುಡಿ ತಂದಿದ್ದಕ್ಕೆ ನಮ್ಮ ದೊಡ್ಡಮ್ಮ ತಿಂಡಿ ಬಿಟ್ಟು ಕೂತಿದ್ದರು. ತೊಟ್ಟಿಲಲ್ಲಿ ಒರಳು ಕಂಡದ್ದೇ ಅವರು ಎದ್ದು ನಿಂತು, "ನೋಡ್ರೋ, ಸೋದರತ್ತೆ ಅಂದ್ರೆ ಇವ್ಳು. ತಾನು ಹಿಂದೆ ಬಂದ್ರೂ ಆಗ್ಲಿ ಅಂತ ಒರಳು ಮುಂದೆ ಕಳ್ಸವ್ಳೆ," ಎಂದರಂತೆ. ನನಗೆ ಎತ್ತಬೇಕಾದ ಆರತಿಯನ್ನು ಕಲ್ಲಿಗೆ ಎತ್ತಿ, ನಾಲ್ಕು ಜನ ಹೊತ್ತು ತಂದು ಚಪ್ಪರದಲ್ಲಿ ಕೂರಿಸಿದ್ದರು.

ನಮ್ಮ ಯಜಮಾನರು ಕಾಫಿ ಕುಡಿಯುತ್ತ ನಿಂತಿದ್ದರು. "ಹೌದು, ಅವ್ಳೇ ಕಳ್ಸಿದ್ದು," ಎಂದು ಹೇಳಿದ್ದರಂತೆ.

ಸುಳ್ಳಾದರೂ ಒಳ್ಳೆಯ ಸುಳ್ಳು. ನಾನೂ ಹಾಗೇ ತಲೆಯಾಡಿಸಿಬಿಡುತ್ತಿದ್ದೆ. ಆದರೆ ನನ್ನ ಹಿಂದೆ ಸುಶೀಲ ಇದ್ದಳು. "ಕಳ್ಸಿದ್ದೇನು ಬಂತು, ಗೇಟ್ ಹತ್ರ ಬರಿಗಾಲಲ್ಲಿ ನಿಂತಿದ್ಲು ಪಾಪ. ನಾನೇ ಕರ್ಕೊಂಡ್ ಬಂದೆ ಕಣ್ರೀ. ನಾವಿಲ್ದಿದ್ರೆ ಇವ್ಳು ಎಲ್ ಬತ್ತಿದ್ಲು."

ಚಪ್ಪರವೆಲ್ಲ ನಕ್ಕಿತು. ಓಲಗದವನೂ ಊದುವುದು ನಿಲ್ಲಿಸಿ ನಕ್ಕ.

ಚೈತ್ರನಿಗೆ ಮೊದಲ ಅರಿಶಿನ ಹಚ್ಚಿದ್ದು ನಾನೇ. ಎರಡು ನಿಮಿಷ ಬಾಕಿ ಇತ್ತು. ಅದೊಂದನ್ನು ಯಾರೂ ನನ್ನಿಂದ ಕಿತ್ತುಕೊಳ್ಳಲಿಲ್ಲ. ಸುಶೀಲ ತಾನೇ ಬಟ್ಟಲು ನನ್ನ ಕೈಗೆ ಕೊಟ್ಟು, "ಮೊದ್ಲು ಅಕ್ಕ," ಎಂದಳು. ಅವಳು ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕೆನ್ನೆಗೆ ಹಚ್ಚುವಾಗ ಚೈತ್ರ ಮೆಲ್ಲಗೆ, "ಅತ್ತೆ, ನಿಮ್ ತಲೇಲಿ ಎಲೆ ಸಿಕ್ಕೊಂಡೈತೆ," ಎಂದಳು.

ಆಮೇಲೆ ಯಜಮಾನರನ್ನು ಮೂಲೆಗೆ ಕರೆದೆ. "ನಾನಿಲ್ಲ ಅಂತ ನಿಮಗೆ ಗೊತ್ತಾಗ್ಲಿಲ್ವಾ?"

"ಹೆಂಗೆ ಗೊತ್ತಾಗ್ಬೇಕು? ಭಾರ ಇತ್ತು. ಮಾತಿರ್ಲಿಲ್ಲ. ಮಾತಾಡಲ್ಲ ಅಂತ ನೀನೇ ಅಂದಿದ್ದೆ. ಬೀರೂರಲ್ಲಿ ಎರಡು ಸಲ ನೀರು ಬೇಕಾ ಅಂತ ಕೇಳ್ದೆ. ಉತ್ತರ ಇಲ್ಲ. ಇನ್ನೂ ಕೋಪ ಇಳ್ದಿಲ್ಲ ಅಂದ್ಕೊಂಡು ಸುಮ್ನೆ ಬಂದೆ." ಎರಡು ಹೆಜ್ಜೆ ಹೋಗಿ ತಿರುಗಿ, "ದಾರಿ ಬೇಗ ಸಾಗ್ತು," ಎಂದರು.

ಧಾರೆ ಆಯಿತು, ಊಟ ಆಯಿತು. ನಾನು ಒಳಕೋಣೆಯಲ್ಲಿ ಚಾಪೆ ಹಾಸಿ, ಚೀಲದಿಂದ ಎಂಟು ದಿನಕ್ಕೆಂದು ತಂದ ಸೀರೆಗಳನ್ನು ತೆಗೆದು ಗೂಡಿನಲ್ಲಿ ಜೋಡಿಸಿಟ್ಟೆ. ಇದೊಂದಾದರೂ ಉಳಿಯಿತಲ್ಲ ಎಂದು ಕಾಲು ಚಾಚಿದೆ. ನಾಲ್ಕು ಗಂಟೆಗೆ ಯಜಮಾನರು ಬಾಗಿಲಲ್ಲಿ ಬಂದು ನಿಂತರು. ತೋಟಕ್ಕೆ ನೀರು ಬಿಡುವ ಸರದಿ ಅವತ್ತು ಸಂಜೆ, ಊರಿಗೆ ಹೋಗಲೇಬೇಕು.

"ಹೋಗ್ರಿ. ಒರಳು ಎತ್ತಿ ಇಡೋಕೆ ಶಿವಣ್ಣಂಗೆ ಹೇಳ್ರಿ."

"ಹೇಳ್ದೆ. ದೊಡ್ಡಮ್ಮ ಬಿಡ್ತಿಲ್ಲ."

ಪೂಜೆ ಮಾಡಿದ ಒರಳನ್ನು ಚಪ್ಪರ ಬಿಚ್ಚುವವರೆಗೂ ಕದಲಿಸಬಾರದಂತೆ. ಚಪ್ಪರ ಬಿಚ್ಚುವುದು ಎಂಟನೆಯ ದಿನ. ಹಾಗಾದರೆ ಒಂದು ಮೂಟೆ ಅಕ್ಕಿ ಕೊಡಿ, ಅದನ್ನೇ ಇಟ್ಟುಕೊಂಡು ಹೋಗಲಿ ಎಂದೆ. ಮದುವೆ ಮನೆಯಿಂದ ಅಕ್ಕಿ ಆಚೆ ಹೋಗಬಾರದು ಎಂದರು ದೊಡ್ಡಮ್ಮ. ಕಲ್ಲು, ಇಟ್ಟಿಗೆ ಏನಾದರೂ ಎಂದೆ. "ಶುಭದ ದಿನ ಗಂಡನ ಜೊತೆ ಇಟ್ಟಿಗೆ ಕಳಿಸ್ತೀಯೇನೇ?" ಎಂದರು. ಅವರ ಪ್ರಕಾರ ಆ ಮನೆಯಿಂದ ಯಾವ ದೋಷವೂ ಇಲ್ಲದೆ ಆಚೆ ಕಳಿಸಬಹುದಾದ ಭಾರ ಒಂದೇ ಇತ್ತು.

ಸೀರೆಗಳನ್ನು ಗೂಡಿನಿಂದ ತೆಗೆದು ಮತ್ತೆ ಚೀಲಕ್ಕೆ ತುಂಬಿದೆ. ಚಪ್ಪಲಿ ತೊಟ್ಟಿಲಿನ ತಳದಲ್ಲೇ ಸಿಕ್ಕಿತು. ಹೊರಡುವಾಗ ಚಪ್ಪರದ ಕಡೆ ನೋಡಿದೆ. ಯಾರೋ ಹೆಂಗಸು ಒರಳಿಗೆ ಹೊಸ ಹೂವು ಮುಡಿಸುತ್ತಿದ್ದಳು. ಅದು ಎಂಟು ದಿನ ನನ್ನ ತವರಲ್ಲಿ ಉಳಿಯಿತು. ಎರಡು ಹೊತ್ತು ದೀಪ ಹಚ್ಚಿದರಂತೆ. ಕಳಿಸುವಾಗ ಅದಕ್ಕೊಂದು ಕುಪ್ಪಸದ ಕಣವನ್ನೂ ಇಟ್ಟಿದ್ದರು.

ಅದನ್ನು ಕಡೂರಿನಿಂದ ತಂದದ್ದು ಸುಶೀಲನ ಕಾರಿನಲ್ಲಿ. ಅದಕ್ಕೆ ಟವೆಲ್ ಹಾಸಿರಲಿಲ್ಲ.

ಈಗ ಅದನ್ನು ತೊಟ್ಟಿಲಲ್ಲಿ ಇಡುವ ಹಾಗಿಲ್ಲ. ಪೂಜೆಯಾದ ಕಲ್ಲು, ಟೀ ಅಂಗಡಿ ಮುಂದೆ ನಿಲ್ಲಿಸಬಾರದು ಎಂದು ದೊಡ್ಡಮ್ಮ ಹೇಳಿ ಕಳಿಸಿದ್ದಾರೆ. ದೇವರ ಮನೆಯಲ್ಲಿಟ್ಟಿದ್ದೇನೆ. ಬೇರೆ ಭಾರ ಇಡಿ ಎಂದರೆ ಯಜಮಾನರು, "ಎತ್ತಿ ಇಡೋಕೆ ಇಬ್ರು ಆಳು ಬೇಕು, ನೀನಾದ್ರೆ ನೀನೇ ಬಂದು ಕೂರ್ತೀಯ," ಎನ್ನುತ್ತಾರೆ. ಸೈಡ್‌ಕಾರು ಕೊಟ್ಟಿಗೆಯಲ್ಲಿ, ಬೆಳ್ಳಿಯನ್ನು ಕಟ್ಟುತ್ತಿದ್ದ ಗೂಟದ ಪಕ್ಕ ನಿಂತಿದೆ. ಬೆಲೆಗೆ ಬಾಳುತ್ತದೆಯೇ ಎಂದು ಕೇಳುವವರಿಗೆ ಆ ಗೂಟ ತೋರಿಸುತ್ತೇನೆ. ಬೆಳಿಗ್ಗೆ ಯಜಮಾನರು ಹಾರ್ನ್ ಹೊಡೆಯುತ್ತಾರೆ. ನಾನು ಎದ್ದು ಹೋಗಿ ಕೂರುತ್ತೇನೆ.

ಬೆಳ್ಳಿಗಾದರೆ ಹಾಲು ಕರೆಯುವ ಮೊದಲು ಹಿಂಡಿ ಇಡುತ್ತಿದ್ದೆ.